ಔಷಧದ ದೂರು ಎಲ್ಲಿಗೆ ಹೋಗುತ್ತದೆ?

ಹೊಸ ಔಷಧವೊಂದು ಅಂಗಡಿಗೆ ಬರುವ ಹೊತ್ತಿಗೆ ಅದನ್ನು ಸಾಮಾನ್ಯವಾಗಿ ಕೆಲವು ಸಾವಿರ ಜನರ ಮೇಲಷ್ಟೇ ಪರೀಕ್ಷಿಸಿರುತ್ತಾರೆ. ಸಾವಿರದಲ್ಲಿ ಒಬ್ಬರಿಗೆ ಆಗಬಹುದಾದ ತೊಂದರೆಯನ್ನು ಒಮ್ಮೆಯಾದರೂ ಕಂಡೇ ಕಾಣುತ್ತೇವೆಂದು ಹೆಚ್ಚುಕಡಿಮೆ ಭರವಸೆಯಿಂದ ಹೇಳಬೇಕಾದರೆ ಮೂರು ಸಾವಿರ ಜನರನ್ನು ಪರೀಕ್ಷಿಸಬೇಕು ಎನ್ನುತ್ತದೆ ಸಂಖ್ಯಾಶಾಸ್ತ್ರ. ಹತ್ತು ಸಾವಿರದಲ್ಲಿ ಒಬ್ಬರಿಗೆ ಆಗುವ ತೊಂದರೆಯಾದರೆ ಮೂವತ್ತು ಸಾವಿರ ಜನ ಬೇಕು. ಯಾವ ಕಂಪನಿಯೂ ಸಾಮಾನ್ಯವಾಗಿ ಅಷ್ಟು ದೊಡ್ಡ ಪರೀಕ್ಷೆ ನಡೆಸುವುದಿಲ್ಲ. ಅದಲ್ಲದೆ ಗರ್ಭಿಣಿಯರು, ಮೂತ್ರಪಿಂಡ ಸೋತ ವೃದ್ಧರು, ಬಿಪಿ ಸಕ್ಕರೆ ಎಂದು ದಿನಕ್ಕೆ ಐದಾರು ಮಾತ್ರೆ ನುಂಗುವವರು ಇಂಥ ಪರೀಕ್ಷೆಗಳಿಂದ ಬಹುಮಟ್ಟಿಗೆ ಹೊರಗುಳಿಯುತ್ತಾರೆ. ನಾಳೆ ಆ ಔಷಧವನ್ನು ಹೆಚ್ಚಾಗಿ ತೆಗೆದುಕೊಳ್ಳುವವರು ಅವರೇ. ಹೀಗಾಗಿ ಪರವಾನಗಿ ಸಿಕ್ಕ ಮೇಲೂ ಔಷಧದ ಪರೀಕ್ಷೆ ಮುಗಿದಿರುವುದಿಲ್ಲ, ಅದು ಆಸ್ಪತ್ರೆಗಳಲ್ಲಿ ಮತ್ತು ಮನೆಗಳಲ್ಲಿ ಮುಂದುವರಿಯುತ್ತದೆ. ಈ ಎರಡನೇ ಪರೀಕ್ಷೆಯ ಫಲಿತಾಂಶವನ್ನು ಕಲೆಹಾಕುವುದು ಸರ್ಕಾರದ ಕೆಲಸ. ನಮ್ಮ ದೇಶ ಈ ಕೆಲಸಕ್ಕೆ ಒಂದು ವ್ಯವಸ್ಥೆ ಕಟ್ಟಿದೆ, ಹದಿನೈದು ವರ್ಷಗಳಿಂದ ಅದನ್ನು ಬೆಳೆಸುತ್ತಲೂ ಬಂದಿದೆ. ಆದರೆ ಬೆಳೆದಿರುವುದು ದೂರು ಸ್ವೀಕರಿಸುವ ಶಕ್ತಿ. ದೂರು ಬಂದ ಮೇಲೆ ಯಾರು, ಎಷ್ಟು ದಿನದೊಳಗೆ, ಏನು ಮಾಡಬೇಕು ಎನ್ನುವುದು ಇನ್ನೂ ಸ್ಪಷ್ಟವಾಗಿಲ್ಲ. ಜೀವ ಉಳಿಯುವುದೋ ಹೋಗುವುದೋ ಎನ್ನುವುದು ನಿರ್ಧಾರವಾಗುವುದು ಮಾತ್ರ ಅಲ್ಲಿಯೇ.

ಇಂಥ ವ್ಯವಸ್ಥೆ ಹುಟ್ಟಿದ್ದೇ ಒಂದು ದುರಂತದಿಂದ. ಪಶ್ಚಿಮ ಜರ್ಮನಿಯಲ್ಲಿ 1957ರಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡ್ ನಿದ್ದೆಗೂ ಗರ್ಭಿಣಿಯರ ವಾಕರಿಕೆಗೂ ಬಳಕೆಯಾದ ಔಷಧ. ಜರ್ಮನಿಯ ವಿಡುಕಿಂಡ್ ಲೆನ್ಸ್, ಆಸ್ಟ್ರೇಲಿಯಾದ ವಿಲಿಯಂ ಮೆಕ್‌ಬ್ರೈಡ್ ಎಂಬ ಇಬ್ಬರು ವೈದ್ಯರು, ಕೈಕಾಲು ಬೆಳೆಯದೆ ಹುಟ್ಟುತ್ತಿದ್ದ ಶಿಶುಗಳಿಗೂ ಈ ಮಾತ್ರೆಗೂ ನಂಟಿದೆ ಎಂದು 1961ರಲ್ಲಿ ಎಚ್ಚರಿಸಿದರು. ಆ ವೇಳೆಗೆ ನಾಲ್ಕು ವರ್ಷ ಕಳೆದಿತ್ತು. ತೊಂದರೆಗೆ ಸಿಲುಕಿದ ಮಕ್ಕಳ ಸಂಖ್ಯೆ ಜಗತ್ತಿನಾದ್ಯಂತ ಹತ್ತು ಸಾವಿರ ದಾಟಿತೆಂದು ಅಂದಾಜು. ಬಿಡಿಬಿಡಿಯಾಗಿ ಒಂದೊಂದು ಊರಿನಲ್ಲಿ ಒಬ್ಬೊಬ್ಬ ವೈದ್ಯರು ಕಂಡದ್ದನ್ನು ಒಂದೆಡೆ ಜೋಡಿಸಿ ನೋಡುವ ಜಾಗವೇ ಆಗ ಇರಲಿಲ್ಲ. ಆ ಕೊರತೆ ತುಂಬಲು ಬ್ರಿಟನ್ 1964ರಲ್ಲಿ ಯೆಲ್ಲೋ ಕಾರ್ಡ್ ಪದ್ಧತಿ ಆರಂಭಿಸಿತು. ವೈದ್ಯರು ಅನುಮಾನ ಬಂದಾಗ ಹಳದಿ ಕಾರ್ಡೊಂದರಲ್ಲಿ ಬರೆದು ಕಳಿಸಬೇಕು, ಪುರಾವೆ ಬೇಕಿಲ್ಲ, ಅನುಮಾನವೇ ಸಾಕು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹತ್ತು ದೇಶಗಳನ್ನು ಸೇರಿಸಿ ಇದೇ ಕೆಲಸವನ್ನು ಅಂತರರಾಷ್ಟ್ರೀಯ ಮಟ್ಟಕ್ಕೆ ಒಯ್ದಿತು. ಇಂದು ಸ್ವೀಡನ್ನಿನ ಉಪ್ಸಾಲಾದ ಕೇಂದ್ರದಲ್ಲಿ ನಾಲ್ಕು ಕೋಟಿಗೂ ಹೆಚ್ಚು ವರದಿಗಳು ಸಂಗ್ರಹವಾಗಿವೆ.

ಭಾರತ ಈ ಜಾಲಕ್ಕೆ ಸೇರಿದ್ದು 1997ರಲ್ಲಿ. ಒಂದೆರಡು ಪ್ರಯತ್ನಗಳು ನೆಲೆ ಕಾಣದೆ ಹೋದ ಮೇಲೆ 2010ರಲ್ಲಿ ಈಗಿನ ರಾಷ್ಟ್ರೀಯ ಔಷಧ ಜಾಗರೂಕತಾ ಕಾರ್ಯಕ್ರಮ ಶುರುವಾಯಿತು. ಮರುವರ್ಷ ಅದರ ಕೇಂದ್ರ ದೆಹಲಿಯ ಏಮ್ಸ್‌ನಿಂದ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ನಿಗೆ ಬಂತು. ದೇಶದ ನೂರಾರು ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆಗಳಲ್ಲಿ, ನಮ್ಮ ಬೆಂಗಳೂರು, ಮೈಸೂರಿನಲ್ಲೂ, ಅಡ್ಡಪರಿಣಾಮ ದಾಖಲಿಸುವ ಕೇಂದ್ರಗಳಿವೆ. ವೈದ್ಯರಿಗೆ ಒಂದು ಫಾರಂ, ರೋಗಿಗಳಿಗೆ ಇನ್ನೊಂದು. ರೋಗಿಗಳ ಫಾರಂ ಕನ್ನಡದಲ್ಲೂ ಸಿಗುತ್ತದೆ. 1800-180-3024 ಎಂಬ ಉಚಿತ ಸಹಾಯವಾಣಿಯೂ ಇದೆ. ಇಷ್ಟನ್ನು ಕಟ್ಟಿದ್ದು ಸಣ್ಣ ಕೆಲಸವಲ್ಲ, ಇದನ್ನು ಕಟ್ಟಿದವರ ಶ್ರಮವನ್ನು ಯಾರೂ ಹಗುರವಾಗಿ ಕಾಣಬಾರದು.

ಆ ಫಾರಂ ಅನ್ನೇ ಒಮ್ಮೆ ಹತ್ತಿರದಿಂದ ನೋಡಬೇಕು. ರೋಗಿಯ ಹೆಸರಿನ ಮೊದಲಕ್ಷರ, ವಯಸ್ಸು, ತೂಕ. ಏನಾಯಿತು, ಯಾವಾಗ ಶುರುವಾಯಿತು. ಯಾವ ಔಷಧ, ಯಾವ ಕಂಪನಿ, ಬ್ಯಾಚ್ ನಂಬರ್ ಎಷ್ಟು, ಅವಧಿ ಮುಗಿಯುವ ತಾರೀಖು ಯಾವುದು. ಔಷಧ ನಿಲ್ಲಿಸಿದಾಗ ತೊಂದರೆ ಕಡಿಮೆಯಾಯಿತೇ, ಮತ್ತೆ ಕೊಟ್ಟಾಗ ಮರುಕಳಿಸಿತೇ. ಒಂದೊಂದು ಪ್ರಶ್ನೆಯ ಹಿಂದೆಯೂ ಅರ್ಧ ಶತಮಾನದ ಅನುಭವವಿದೆ. ಔಷಧದ ಗುಣವೇ ಹಾಗಿದೆಯೋ ಅಥವಾ ಆ ಒಂದು ಬ್ಯಾಚ್ ಕೆಟ್ಟಿತ್ತೋ ಎಂದು ಬೇರ್ಪಡಿಸಲು ಬ್ಯಾಚ್ ನಂಬರ್ ಬೇಕೇ ಬೇಕು. ಆದರೆ ನಮ್ಮ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಡೆಯುವುದೇನು? ಹತ್ತು ಮಾತ್ರೆಯ ಸ್ಟ್ರಿಪ್ಪಿನಿಂದ ಮೂರನ್ನು ಕತ್ತರಿಯಲ್ಲಿ ಕತ್ತರಿಸಿ ಕವರಿಗೆ ಹಾಕಿ ಕೊಡುತ್ತಾರೆ. ಬ್ಯಾಚ್ ನಂಬರ್ ಮುದ್ರಿಸಿದ ತುದಿ ಅಂಗಡಿಯಲ್ಲೇ ಉಳಿಯುತ್ತದೆ, ಎಷ್ಟೋ ಸಲ ಬಿಲ್ಲೂ ಇರುವುದಿಲ್ಲ. 2023ರ ಆಗಸ್ಟಿನಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡುಗಳ ಮೇಲೆ ಕ್ಯುಆರ್ ಕೋಡ್ ಕಡ್ಡಾಯವಾಗಿದೆ, ಆದರೆ ಮೂರು ಮಾತ್ರೆ ಕೊಂಡವರ ಕೈಗೆ ಅದೂ ಬರುವುದು ಅನುಮಾನ. ಕೂಲಿಯವರು ಮೂರೇ ಮಾತ್ರೆ ಕೊಳ್ಳುವುದು ಮೂರಕ್ಕೇ ದುಡ್ಡಿರುವುದರಿಂದ. ಅವರನ್ನು ದೂರುವಂತಿಲ್ಲ. ವ್ಯವಸ್ಥೆಯ ಮೊದಲ ಕೊಂಡಿ ಅವರ ಬಡತನದಲ್ಲಿಯೇ ಕಳಚಿಕೊಳ್ಳುತ್ತದೆ ಎಂಬುದನ್ನಂತೂ ಒಪ್ಪಿಕೊಳ್ಳಬೇಕು.

ಈ ಕ್ಷೇತ್ರದ ತಜ್ಞರು ಮತ್ತೆ ಮತ್ತೆ ಎತ್ತುವ ಕೊರಗು ವರದಿಗಳು ಸಾಲವು ಎನ್ನುವುದು. ಕೊರಗು ನಿಜ. 12 ದೇಶಗಳ 37 ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ಪ್ರಕಟವಾದ ವಿಮರ್ಶೆಯೊಂದು, ಅಡ್ಡಪರಿಣಾಮಗಳಲ್ಲಿ ಶೇ 90ಕ್ಕೂ ಹೆಚ್ಚು ದಾಖಲಾಗುವುದೇ ಇಲ್ಲ ಎಂದು ತೋರಿಸಿತು. ಇದರಿಂದ ಹೊರಟ ಪರಿಹಾರವೂ ಸರಳವೇ: ಇನ್ನಷ್ಟು ಕೇಂದ್ರ, ಇನ್ನಷ್ಟು ತರಬೇತಿ, ಇನ್ನಷ್ಟು ವರದಿ. ಇದು ಬೇಡವೆಂದು ಯಾರೂ ಹೇಳಲಾರರು. ಆದರೆ ವರದಿಗಳು ಹೆಚ್ಚಾದರೆ ರಕ್ಷಣೆಯೂ ತಾನಾಗಿ ಹೆಚ್ಚುತ್ತದೆ ಎಂಬ ನಂಬಿಕೆಯನ್ನು ಎರಡು ದೇಶಗಳ ಅನುಭವ ಅಲುಗಾಡಿಸುತ್ತದೆ.

ಒಂದು ಅಮೆರಿಕದ್ದು. ಮಕ್ಕಳ ತೀವ್ರ ಭೇದಿಗೆ ಕಾರಣವಾಗುವ ರೋಟಾವೈರಸ್ ವಿರುದ್ಧದ ಮೊದಲ ಲಸಿಕೆ ರೋಟಾಶೀಲ್ಡ್‌ಗೆ 1998ರ ಆಗಸ್ಟಿನಲ್ಲಿ ಅನುಮತಿ ಸಿಕ್ಕಿತು. ಮುಂದಿನ ಜುಲೈ ಹೊತ್ತಿಗೆ, ಲಸಿಕೆ ಪಡೆದ ಶಿಶುಗಳಲ್ಲಿ ಕರುಳಿನ ಒಂದು ಭಾಗ ಇನ್ನೊಂದರೊಳಗೆ ನುಗ್ಗಿ ಸಿಕ್ಕಿಕೊಳ್ಳುವ ತೊಂದರೆಯ 15 ವರದಿಗಳು ರಾಷ್ಟ್ರೀಯ ದಾಖಲೆಗೆ ಬಂದಿದ್ದವು. ಇಡೀ ದೇಶಕ್ಕೆ ಹದಿನೈದೇ. ಆದರೆ ಆ ಹದಿನೈದನ್ನು ಓದುವ ಹೊಣೆ ಹೊತ್ತವರು ಇದ್ದರು, ನಿಲ್ಲಿಸಿ ಎನ್ನುವ ಅಧಿಕಾರಕ್ಕೂ ಅವರಿಗೂ ನಡುವೆ ಹೆಚ್ಚು ದೂರ ಇರಲಿಲ್ಲ. ಜುಲೈಯಲ್ಲೇ ಲಸಿಕೆ ತಡೆದರು, ಅಕ್ಟೋಬರಿನಲ್ಲಿ ಕಂಪನಿ ಅದನ್ನು ಹಿಂದಕ್ಕೆ ಪಡೆಯಿತು. ಅಪಾಯದ ಪ್ರಮಾಣ ಸುಮಾರು ಹತ್ತು ಸಾವಿರಕ್ಕೆ ಒಂದು ಎಂದು ಲೆಕ್ಕ ಸಿಕ್ಕಿದ್ದು ಆಮೇಲೆ.

ಇನ್ನೊಂದು ಫ್ರಾನ್ಸಿನದು. ಮಧುಮೇಹವಿದ್ದು ತೂಕ ಹೆಚ್ಚಿದವರಿಗೆಂದು 1976ರಿಂದ ಮಾರಾಟವಾಗುತ್ತಿದ್ದ ಮೀಡಿಯೇಟರ್ ಎಂಬ ಔಷಧವನ್ನು ಹಸಿವು ಕಡಿಮೆ ಮಾಡಲೂ ಜನ ಧಾರಾಳವಾಗಿ ಬಳಸುತ್ತಿದ್ದರು. ದೇಹದೊಳಗೆ ಅದರಿಂದ ಉಂಟಾಗುವ ರಾಸಾಯನಿಕ, ಹೃದಯದ ಕವಾಟ ಹಾಳುಮಾಡುತ್ತದೆಂದು 1997ರಲ್ಲೇ ಹಿಂದಕ್ಕೆ ಪಡೆದ ಫೆನ್‌ಫ್ಲೂರಮಿನ್‌ನಿಂದ ಬರುವುದೂ ಹೌದು. ಫ್ರಾನ್ಸಿಗೆ ಯುರೋಪಿನಲ್ಲೇ ಹೆಸರಾದ ಪ್ರಾದೇಶಿಕ ಔಷಧ ಜಾಗರೂಕತಾ ಕೇಂದ್ರಗಳ ಜಾಲವಿತ್ತು. ಮಾರ್ಸೆ ನಗರದಿಂದ ಕವಾಟದ ತೊಂದರೆಯ ವರದಿ 1999ರಲ್ಲಿ ಬಂತು. ಕೇಂದ್ರಗಳು ದಾಖಲಿಸಿದವು, ಸಮಿತಿಗಳು ಚರ್ಚಿಸಿದವು, ಕಡತ ಬೆಳೆಯಿತು. ಔಷಧ ನಿಂತದ್ದು 2009ರ ನವೆಂಬರಿನಲ್ಲಿ, ಅದೂ ಬ್ರೆಸ್ಟ್ ನಗರದ ಶ್ವಾಸಕೋಶ ತಜ್ಞೆ ಐರೀನ್ ಫ್ರಾಶೋನ್ ಹಠ ಹಿಡಿದು ಪುರಾವೆ ಕೂಡಿಸಿದ ಮೇಲೆ. ಸತ್ತವರು ಐನೂರರಿಂದ ಎರಡು ಸಾವಿರ ಎಂಬ ಅಂದಾಜುಗಳಿವೆ. 2021ರಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ ತಯಾರಕ ಕಂಪನಿಯ ಜೊತೆಗೆ ದೇಶದ ಔಷಧ ನಿಯಂತ್ರಣ ಸಂಸ್ಥೆಯನ್ನೂ ತಪ್ಪಿತಸ್ಥ ಎಂದು ತೀರ್ಮಾನಿಸಿ ದಂಡ ಹಾಕಿತು. ಕೇಳಿಸಿಕೊಂಡೂ ಸುಮ್ಮನಿದ್ದುದಕ್ಕೆ ಒಂದು ಸರ್ಕಾರಿ ಸಂಸ್ಥೆಗೆ ಶಿಕ್ಷೆಯಾಯಿತು ಎಂಬುದನ್ನು ನಾವು ಮರೆಯಬಾರದು.

ಒಂದೆಡೆ ಹದಿನೈದು ವರದಿಗೆ ಕೆಲವೇ ತಿಂಗಳಲ್ಲಿ ನಿರ್ಧಾರವಾಯಿತು. ಇನ್ನೊಂದೆಡೆ ಒಳ್ಳೆಯ ಜಾಲವಿದ್ದೂ ಮೊದಲ ವರದಿಯಿಂದ ನಿರ್ಧಾರಕ್ಕೆ ಹತ್ತು ವರ್ಷ ಹಿಡಿಯಿತು. ಕಂಪನಿಯ ಪ್ರಭಾವ, ಪರಿಣತರ ಹಿತಾಸಕ್ತಿ, ಔಷಧದ ಸ್ವರೂಪ ಎಲ್ಲವೂ ಇದಕ್ಕೆ ಕಾರಣವೇ. ಆದರೂ ಫ್ರಾನ್ಸಿನಲ್ಲಿ ಮಾರ್ಸೆಯ ವರದಿಗೆ ಇಂಥ ದಿನದೊಳಗೆ ಹೌದು ಅಥವಾ ಅಲ್ಲ ಎಂದು ಕಾರಣಸಹಿತ, ಬಹಿರಂಗವಾಗಿ ಬರೆಯಲೇಬೇಕಾದ ಒಬ್ಬ ಅಧಿಕಾರಿ ಇದ್ದಿದ್ದರೆ ಆ ಹತ್ತು ವರ್ಷ ಅಷ್ಟು ಸುಲಭವಾಗಿ ಸರಿಯುತ್ತಿರಲಿಲ್ಲ. ಯುರೋಪ್ ಈ ಪಾಠವನ್ನು ಕಲಿತಿದೆ ಎನ್ನಬಹುದು. 2012ರಿಂದ ಅಲ್ಲಿ ಔಷಧ ಸುರಕ್ಷತೆಗೆಂದೇ ಪ್ರತ್ಯೇಕ ಸಮಿತಿಯೊಂದಿದೆ, ರೋಗಿಗಳ ಪ್ರತಿನಿಧಿಗಳೂ ಅದರ ಸದಸ್ಯರು. ಅನುಮಾನವೊಂದು ಅದರ ಮುಂದೆ ಬಂದರೆ ಗಣನೆಗೆ ತೆಗೆದುಕೊಳ್ಳಬೇಕೇ ಬೇಡವೇ ಎಂಬುದು 30 ದಿನದೊಳಗೆ ನಿಶ್ಚಯವಾಗಬೇಕು. ಸಭೆಯ ಕಾರ್ಯಸೂಚಿ, ನಡಾವಳಿ, ಶಿಫಾರಸು ಎಲ್ಲವೂ ಪ್ರಕಟವಾಗುತ್ತವೆ. ಅಮೆರಿಕದಲ್ಲಿ ನೋವಿನ ಔಷಧ ವಯಾಕ್ಸ್ 2004ರಲ್ಲಿ ಹೃದಯಾಘಾತದ ಅಪಾಯದಿಂದ ಹಿಂದಕ್ಕೆ ಹೋದಾಗ, ಔಷಧ ನಿಯಂತ್ರಣ ಸಂಸ್ಥೆಯ ವಿಜ್ಞಾನಿಯೇ ಆದ ಡೇವಿಡ್ ಗ್ರಹಾಂ ಸೆನೆಟ್ ಸಮಿತಿಯ ಮುಂದೆ ತಮ್ಮ ಸಂಸ್ಥೆಯ ವೈಫಲ್ಯವನ್ನು ಬಿಚ್ಚಿಟ್ಟರು. ಔಷಧಕ್ಕೆ ಅನುಮತಿ ಕೊಟ್ಟ ವಿಭಾಗವೇ ಅದರ ಅಪಾಯವನ್ನೂ ತೂಗುವ ಏರ್ಪಾಡಿನ ಮೇಲೆ ಅವರ ಆಕ್ಷೇಪ ಇತ್ತು. 2007ರ ಕಾನೂನು ಆ ಸಂಸ್ಥೆಗೆ, ಔಷಧ ಮಾರುಕಟ್ಟೆಗೆ ಬಂದ ಮೇಲೂ ಹೊಸ ಅಧ್ಯಯನ ನಡೆಸಿ, ಲೇಬಲ್ ತಿದ್ದಿ ಎಂದು ಕಂಪನಿಗಳಿಗೆ ಆದೇಶಿಸುವ ಅಧಿಕಾರ ಕೊಟ್ಟಿತು.

ಭಾರತದ ಸ್ಥಿತಿ ಬೇರೆ ರೀತಿಯದು. ಇಲ್ಲಿ ಕೇಳಿಸಿಕೊಳ್ಳುವವರು ಗಾಜಿಯಾಬಾದಿನಲ್ಲಿದ್ದಾರೆ, ನಿರ್ಧರಿಸುವವರು ದೆಹಲಿಯ ಔಷಧ ನಿಯಂತ್ರಣ ಸಂಸ್ಥೆ ಮತ್ತು ಆರೋಗ್ಯ ಸಚಿವಾಲಯದಲ್ಲಿದ್ದಾರೆ, ತಯಾರಿಕೆಯ ಪರವಾನಗಿ ಕೊಡುವವರು ರಾಜ್ಯಗಳಲ್ಲಿದ್ದಾರೆ. ಬೇರ್ಪಡಿಸಿದ್ದು ಒಳ್ಳೆಯದೇ. ಆದರೆ ಗಾಜಿಯಾಬಾದಿನ ತಜ್ಞ ಸಮಿತಿ ಶಿಫಾರಸು ಮಾಡಬಲ್ಲದೇ ಹೊರತು ಆದೇಶಿಸಲಾರದು. 2023ರ ನವೆಂಬರ್ ಕೊನೆಯಲ್ಲಿ ಅಲ್ಲಿಂದ ಹೊರಟ ಎಚ್ಚರಿಕೆಯೊಂದು, ಮುಟ್ಟಿನ ನೋವಿಗೂ ಮಕ್ಕಳ ಜ್ವರಕ್ಕೂ ಮನೆಮನೆಯಲ್ಲಿ ಬಳಸುವ ಮೆಫೆನಾಮಿಕ್ ಆಸಿಡ್ ಅಪರೂಪಕ್ಕೆ ಚರ್ಮ ಮತ್ತು ಒಳಾಂಗಗಳ ಮೇಲೆ ತೀವ್ರ ಅಲರ್ಜಿ ಉಂಟುಮಾಡಬಹುದು, ಗಮನವಿಡಿ ಎಂದು ಹೇಳಿತು. ಪತ್ರಿಕೆಗಳಲ್ಲಿ ಎರಡು ದಿನ ದೊಡ್ಡ ಸುದ್ದಿಯಾಯಿತು. ವರದಿಗಳು ಎಷ್ಟು, ಯಾರಿಗೆ ಅಪಾಯ ಹೆಚ್ಚು, ಮುಂದಿನ ಹೆಜ್ಜೆ ಏನು, ಅದು ಯಾವಾಗ ಎಂದು ಕೇಳಿದ ಸಾಮಾನ್ಯ ಓದುಗರಿಗೆ ಆ ಎಚ್ಚರಿಕೆಯಲ್ಲಿ ಉತ್ತರ ಇರಲಿಲ್ಲ. ಎದೆಯುರಿಗೆ ಕೊಡುತ್ತಿದ್ದ ಸಿಸಾಪ್ರೈಡ್‌ನ ಕತೆ ಇನ್ನೂ ಹಳೆಯದು. ಹೃದಯದ ಬಡಿತ ತಪ್ಪಿಸುತ್ತದೆಂದು 2000ದಲ್ಲೇ ಅಮೆರಿಕದ ಅಂಗಡಿಗಳಿಂದ ಹಿಂದಕ್ಕೆ ಸರಿದ ಈ ಔಷಧಕ್ಕೆ ಭಾರತದಲ್ಲಿ ನಿಷೇಧ ಬಂದದ್ದು 2011ರ ಫೆಬ್ರವರಿಯಲ್ಲಿ.

ಔಷಧದ ಗುಣಮಟ್ಟ ಕೆಟ್ಟಾಗ ದಾರಿ ಇನ್ನೂ ಸುತ್ತುಬಳಸು. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಐವರು ಬಾಣಂತಿಯರು ತೀರಿಕೊಂಡರು. ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪಿನ ಮೇಲೆ ಶಂಕೆ ಬಂತು. ಅದನ್ನು ತಯಾರಿಸಿದ್ದು ಪಶ್ಚಿಮ ಬಂಗಾಳದ ಕಂಪನಿ. ಆ ಕಂಪನಿಯ ಕೆಲವು ಬ್ಯಾಚುಗಳು ಗುಣಮಟ್ಟದ್ದಲ್ಲ ಎಂದು ರಾಜ್ಯದ ಪ್ರಯೋಗಾಲಯ ಅದಕ್ಕೂ ತಿಂಗಳುಗಳ ಹಿಂದೆಯೇ ಹೇಳಿತ್ತು, ಕೇಂದ್ರ ಪ್ರಯೋಗಾಲಯ ಕೆಲವನ್ನು ಸರಿಯಿದೆ ಎಂದಿತ್ತು ಎಂದು ರಾಜ್ಯ ಸರ್ಕಾರವೇ ತಿಳಿಸಿತು. ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಯಲ್ಲಿ ಇದಕ್ಕೆ ಅವಕಾಶವಿದೆ. ರಾಜ್ಯದ ವಿಶ್ಲೇಷಕರ ವರದಿಯನ್ನು 28 ದಿನದೊಳಗೆ ಪ್ರಶ್ನಿಸಬಹುದು, ಆಗ ಕೇಂದ್ರ ಪ್ರಯೋಗಾಲಯದ ಮಾತೇ ಅಂತಿಮ. ಅನ್ಯಾಯದ ಆರೋಪದಿಂದ ತಯಾರಕರನ್ನು ಕಾಪಾಡಲು ಈ ಅವಕಾಶ ಬೇಕು. ಆದರೆ ಎರಡು ಪ್ರಯೋಗಾಲಯಗಳು ಒಂದೇ ಕಂಪನಿಯ ದ್ರವದ ಬಗ್ಗೆ ಬೇರೆ ಬೇರೆ ಮಾತು ಹೇಳುತ್ತಿರುವಾಗ ಆ ದ್ರವ ಬಾಣಂತಿಯ ರಕ್ತನಾಳಕ್ಕೆ ಹೋಗಬೇಕೇ ಎಂಬ ಪ್ರಶ್ನೆಗೆ ಕಾಯ್ದೆಯಲ್ಲಿ ಸ್ಪಷ್ಟ ಉತ್ತರ ಇರಬೇಕಿತ್ತು. ಅನುಮಾನ ಬಗೆಹರಿಯುವವರೆಗೆ ರೋಗಿಯ ಕಡೆಗೇ ತಕ್ಕಡಿ ವಾಲಬೇಕು.

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ನಡೆದದ್ದು ಈ ಮಾತಿಗೆ ಇನ್ನೂ ಕಠೋರ ಸಾಕ್ಷಿ. ಕೆಮ್ಮಿನ ಸಿರಪ್ ಕುಡಿದ ಮಕ್ಕಳ ಮೂತ್ರಪಿಂಡಗಳು ಒಂದರ ಹಿಂದೊಂದು ಸೋಲತೊಡಗಿದ್ದು ಸೆಪ್ಟೆಂಬರಿನ ಹೊತ್ತಿಗೆ. ಸಿರಪ್ ತಯಾರಾಗಿದ್ದ ತಮಿಳುನಾಡಿಗೆ ಅಕ್ಟೋಬರ್ ಮೊದಲಲ್ಲಿ ಮಾಹಿತಿ ಹೋಯಿತು. ಒಂದೆರಡು ದಿನದಲ್ಲೇ ಅಲ್ಲಿನ ಪ್ರಯೋಗಾಲಯ, ಸಿರಪ್ಪಿನಲ್ಲಿ ಶೇ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಇದೆಯೆಂದು ಹೇಳಿತು. ಅಷ್ಟರಲ್ಲಿ ಎಷ್ಟೋ ಮಕ್ಕಳು ಹೋಗಿದ್ದರು, ಕೊನೆಗೆ ಆ ಸಂಖ್ಯೆ ಇಪ್ಪತ್ತು ದಾಟಿತು. ವಿಜ್ಞಾನಕ್ಕೆ ಬೇಕಾಗಿದ್ದು ಒಂದೆರಡು ದಿನ ಮಾತ್ರ. ಉಳಿದ ದಿನಗಳೆಲ್ಲ ಕಳೆದದ್ದು ಮಕ್ಕಳ ಹಾಸಿಗೆಯಿಂದ ಆ ಪ್ರಯೋಗಾಲಯದ ಮೇಜಿಗೆ ಮಾಹಿತಿ ತಲುಪುವುದರಲ್ಲಿ. ಇದೇ ವಿಷ 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕೊಂದಿತ್ತು, 1986ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ 14 ರೋಗಿಗಳನ್ನು ಕೊಂದಿತ್ತು. ಕೆಮ್ಮಿನ ಔಷಧ ಕುಡಿದ ಮಕ್ಕಳಲ್ಲಿ ಗುಂಪಾಗಿ ಮೂತ್ರ ನಿಂತರೆ ಮೊದಲು ಯಾವುದರ ಮೇಲೆ ಅನುಮಾನಪಡಬೇಕು ಎನ್ನುವುದು ಹೊಸ ವಿದ್ಯೆಯೇನಲ್ಲ.

ಇಷ್ಟೆಲ್ಲ ಕಷ್ಟ ಯಾಕೆ, ಅಮೆರಿಕ ಮತ್ತು ಯುರೋಪ್ ಏನು ನಿರ್ಧರಿಸುತ್ತವೋ ಅದನ್ನೇ ನಾವೂ ಅನುಸರಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಿಸಾಪ್ರೈಡ್‌ನಂಥ ಪ್ರಕರಣದಲ್ಲಿ ಸಾಕಿತ್ತು. ಆದರೆ ರೋಟಾಶೀಲ್ಡ್ ಪ್ರಕರಣವನ್ನೇ ಇನ್ನೊಂದು ದಿಕ್ಕಿನಿಂದ ನೋಡಬೇಕು. ರೋಟಾವೈರಸ್‌ನಿಂದ ಸಾಯುವ ಮಕ್ಕಳು ಅಮೆರಿಕದಲ್ಲಿ ತೀರ ಕಡಿಮೆ, ಆ ಕಾಲದ ಭಾರತದಲ್ಲಿ ವರ್ಷಕ್ಕೆ ಲಕ್ಷದ ಆಸುಪಾಸು ಎಂಬ ಅಂದಾಜಿತ್ತು. ಹತ್ತು ಸಾವಿರಕ್ಕೆ ಒಂದು ಅಪಾಯವಿದ್ದ ಲಸಿಕೆ ಅಲ್ಲಿ ಬೇಡವಾದದ್ದು ನ್ಯಾಯ, ಇಲ್ಲಿ ಅದೇ ಲೆಕ್ಕ ಬೇರೆ ಉತ್ತರ ಕೊಡುತ್ತಿತ್ತು. ಅಲ್ಲಿ ನಿಂತ ಮೇಲೆ ಬಡ ದೇಶಗಳಿಗೂ ಆ ಲಸಿಕೆ ಸಿಗಲಿಲ್ಲ. ಭಾರತದ್ದೇ ಆದ ರೋಟಾವ್ಯಾಕ್ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ಬಂದದ್ದು 2016ರಲ್ಲಿ. ಇನ್ನೊಂದು ಕಾರಣ ನಮ್ಮ ದೇಹಗಳದು. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪೈನ್, ಒಂದು ನಿರ್ದಿಷ್ಟ ಜೀನ್ ಇರುವವರಲ್ಲಿ ಚರ್ಮ ಸುಲಿದುಬರುವಂಥ ಮಾರಕ ಪ್ರತಿಕ್ರಿಯೆ ತರಬಲ್ಲದು. ಆ ಜೀನ್ ಯುರೋಪಿನವರಲ್ಲಿ ಅತಿ ವಿರಳ, ಆಗ್ನೇಯ ಏಷ್ಯಾದಲ್ಲಿ ಸಾಮಾನ್ಯ, ಭಾರತದ ಕೆಲವು ಸಮುದಾಯಗಳಲ್ಲೂ ಇದೆ. ಲಂಡನ್ನಿನ ಲೆಕ್ಕ ನಮ್ಮವರ ಅಪಾಯವನ್ನು ಹೇಳಲಾರದು. ಎರಡು ಮೂರು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಬೆರೆಸಿ ಮಾರುವ ನಮ್ಮ ನೂರಾರು ಮಿಶ್ರಣಗಳಂತೂ ಬೇರೆಲ್ಲೂ ಇಲ್ಲ. 2016ರ ಮಾರ್ಚಿನಲ್ಲಿ ಅಂಥ 344 ಮಿಶ್ರಣಗಳನ್ನು ಸರ್ಕಾರ ಒಮ್ಮೆಗೇ ನಿಷೇಧಿಸಿತು. ಇಂಥವುಗಳ ಅಡ್ಡಪರಿಣಾಮ ನಾವು ಗಮನಿಸದಿದ್ದರೆ ಇನ್ಯಾರೂ ಗಮನಿಸುವುದಿಲ್ಲ.

ಅನುಮಾನಗಳನ್ನು, ಅವುಗಳ ಮೇಲಿನ ತೀರ್ಮಾನಗಳನ್ನು ಹೀಗೆ ಬಹಿರಂಗಪಡಿಸಿದರೆ ಜನ ಗಾಬರಿಯಾಗಿ ಬೇಕಾದ ಔಷಧವನ್ನೂ ಬಿಟ್ಟುಬಿಡುತ್ತಾರೆ ಎನ್ನುವುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. 1995ರ ಅಕ್ಟೋಬರಿನಲ್ಲಿ ಬ್ರಿಟನ್ನಿನಲ್ಲಿ ಅದೇ ಆಯಿತು. ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳು ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಇಮ್ಮಡಿಗೊಳಿಸುತ್ತವೆ ಎಂಬ ಸುದ್ದಿ ಅನೇಕ ವೈದ್ಯರಿಗೆ ಪತ್ರ ಮುಟ್ಟುವ ಮೊದಲೇ ಮಾಧ್ಯಮಗಳಿಗೆ ಮುಟ್ಟಿತು. ಮಹಿಳೆಯರು ಮಾತ್ರೆ ನಿಲ್ಲಿಸಿದರು, ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 13,000 ಗರ್ಭಪಾತಗಳು ಹೆಚ್ಚಾದವೆಂದು ಲೆಕ್ಕ. ಆದರೆ ಆ ಇಮ್ಮಡಿಯ ಒಳಗಿದ್ದ ಸಂಖ್ಯೆ ಏಳು ಸಾವಿರಕ್ಕೆ ಒಂದರಿಂದ ಏಳು ಸಾವಿರಕ್ಕೆ ಎರಡು. ಗರ್ಭಧಾರಣೆಯಲ್ಲೇ ಆ ಅಪಾಯ ಅದಕ್ಕಿಂತ ಹೆಚ್ಚು. ಇದನ್ನು ಇಷ್ಟೇ ಸರಳವಾಗಿ ಹೇಳಿದ್ದರೆ ಬಹುಪಾಲು ಜನ ಮಾತ್ರೆ ಬಿಡುತ್ತಿರಲಿಲ್ಲ. ಹಾಗಾಗಿ ಬಹಿರಂಗದ ಜೊತೆಗೆ ಒಂದು ಶಿಸ್ತೂ ಕಡ್ಡಾಯವಾಗಬೇಕು: ಎಷ್ಟು ಪಟ್ಟು ಹೆಚ್ಚು ಎನ್ನದೆ ಎಷ್ಟು ಜನರಲ್ಲಿ ಎಷ್ಟು ಮಂದಿಗೆ ಎಂದು ಹೇಳಬೇಕು, ಔಷಧ ಬಿಟ್ಟರೆ ಆಗುವ ಅಪಾಯವನ್ನೂ ಪಕ್ಕದಲ್ಲೇ ಬರೆಯಬೇಕು, ವೈದ್ಯರಿಗೆ ಮೊದಲು ತಿಳಿಸಬೇಕು. ಇನ್ನು, ಹೇಳದೆ ಇದ್ದರೆ ಗಾಬರಿ ಇರುವುದಿಲ್ಲ ಎನ್ನುವುದೂ ಸರಿಯಲ್ಲ. ಸರ್ಕಾರ ಮೌನವಾಗಿರುವಾಗ ವಾಟ್ಸ್‌ಆ್ಯಪ್ ಆ ಜಾಗ ತುಂಬುತ್ತದೆ, ಅಲ್ಲಿ ಲೆಕ್ಕ ಕೇಳುವವರು ಯಾರೂ ಇಲ್ಲ.

ಹೊರರೋಗಿಗಳ ಸಾಲಿನ ಮುಂದೆ ಕೂತ ಸರ್ಕಾರಿ ವೈದ್ಯರಿಗೆ ಫಾರಂ ತುಂಬುವ ವೇಳೆ ಎಲ್ಲಿದೆ ಎನ್ನುವುದೂ ನ್ಯಾಯವಾದ ಪ್ರಶ್ನೆ. ನಿಜಕ್ಕೂ ವೇಳೆ ಇಲ್ಲ. ಜೊತೆಗೆ ಬರೆದವನ ಮೇಲೇ ತಪ್ಪು ಹೊರಿಸುತ್ತಾರೆಂಬ ಭಯವೂ ಇದೆ. ಅದಕ್ಕಾಗಿಯೇ ಆಸ್ಪತ್ರೆಯ ಫಾರ್ಮಸಿಸ್ಟ್ ಮತ್ತು ಶುಶ್ರೂಷಕಿಯರ ಕೈಗೆ ಈ ಕೆಲಸ ಹೆಚ್ಚು ಹೋಗಬೇಕು, ವರದಿಯನ್ನು ವೈದ್ಯರ ವಿರುದ್ಧದ ಸಾಕ್ಷ್ಯವಾಗಿ ಬಳಸುವುದಿಲ್ಲ ಎಂಬ ಭರವಸೆ ಕಾನೂನಿನಲ್ಲೇ ಬರಬೇಕು. ಇದಕ್ಕಿಂತ ಮುಖ್ಯವಾದದ್ದು, ಕಳಿಸಿದ ವರದಿ ಏನಾಯಿತೆಂದು ಕಳಿಸಿದವರಿಗೆ ತಿರುಗಿ ತಿಳಿಯಬೇಕು. ತಮ್ಮ ಒಂದು ಪುಟದಿಂದ ಒಂದು ಲೇಬಲ್ ಬದಲಾಯಿತೆಂದು ಗೊತ್ತಾದ ಶುಶ್ರೂಷಕಿ ಮುಂದಿನ ಸಲ ಯಾರೂ ಹೇಳದೆಯೂ ಬರೆಯುತ್ತಾಳೆ.

ಕೇಂದ್ರದ ಕಾನೂನು ಬದಲಾಗುವವರೆಗೆ ಕರ್ನಾಟಕ ಕಾಯಬೇಕಿಲ್ಲ. ಬೇರೆ ರಾಜ್ಯದ ಕಾರ್ಖಾನೆಯ ಪರವಾನಗಿಯನ್ನು ನಾವು ರದ್ದು ಮಾಡಲಾರೆವು, ಆದರೆ ನಮ್ಮ ಆಸ್ಪತ್ರೆಗಳಿಗೆ ಏನು ಕೊಳ್ಳಬೇಕು, ಏನನ್ನು ಉಗ್ರಾಣದಲ್ಲೇ ತಡೆಹಿಡಿಯಬೇಕು ಎನ್ನುವುದು ರಾಜ್ಯದ ವೈದ್ಯಕೀಯ ಸರಬರಾಜು ನಿಗಮದ ಕೈಯಲ್ಲಿದೆ. ಯಾವುದೇ ಪ್ರಯೋಗಾಲಯದಲ್ಲಿ ಒಂದು ಬ್ಯಾಚ್ ಸೋತರೆ, ವಿವಾದ ತೀರುವವರೆಗೆ ಆ ಕಂಪನಿಯ ಅದೇ ಉತ್ಪನ್ನದ ಯಾವ ಬ್ಯಾಚೂ ವಾರ್ಡಿಗೆ ಹೋಗಬಾರದು ಎಂಬ ಷರತ್ತನ್ನು ಖರೀದಿಯ ಕರಾರಿನಲ್ಲೇ ಬರೆಯಬಹುದು. ತಡೆಹಿಡಿದ ಬ್ಯಾಚುಗಳ ಪಟ್ಟಿಯನ್ನು ಪ್ರತಿ ವಾರ ಕನ್ನಡದಲ್ಲಿ ಪ್ರಕಟಿಸಬಹುದು. ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಒಂದೇ ವಾರದಲ್ಲಿ ಇಬ್ಬರು ಬಾಣಂತಿಯರಿಗೆ ಕಾರಣ ತಿಳಿಯದೆ ಮೂತ್ರ ನಿಂತರೆ, ಅದೇ ದಿನ ಯಾರಿಗೆ ಫೋನ್ ಮಾಡಬೇಕು, ಬಳಸಿದ ಬಾಟಲಿಗಳನ್ನು ಎಲ್ಲಿ ಮುಚ್ಚಿಡಬೇಕು, ಎಷ್ಟು ಗಂಟೆಯೊಳಗೆ ಯಾರು ಉತ್ತರಿಸಬೇಕು ಎಂದು ಒಂದು ಹಾಳೆಯಲ್ಲಿ ಬರೆದು ಹೆರಿಗೆ ವಾರ್ಡಿನ ಗೋಡೆಗೆ ಅಂಟಿಸಬಹುದು. ಉತ್ತರಿಸಬೇಕಾದ ಅಧಿಕಾರಿಯ ಹುದ್ದೆಯೂ ದೂರವಾಣಿ ಸಂಖ್ಯೆಯೂ ಆ ಹಾಳೆಯಲ್ಲೇ ಇರಬೇಕು.